ಪಂಪ್‌ಹೌಸ್ ಮೇಲಿನ ಮಂಕು ಸುರುಳಿ

ವರ್ತೂರು
3 ಮಾರ್ಚ್ 2025

ಪ್ರೀತಿಯ ಮುನಿಕೃಷ್ಣಣ್ಣನಿಗೆ,

ತಂಗಿ ಶೋಭಾಳ ನಮಸ್ಕಾರ. ಮಂಡಿನೋವು ಹೇಗಿದೆ? ಪ್ರಕೃತಿ ಚಿಕಿತ್ಸೆಯವರು ನಿನ್ನ ಮೊಬೈಲ್ ಕಿತ್ತಿಟ್ಟುಕೊಂಡು ಬೂದುಗುಂಬಳದ ರಸ ಕುಡಿಸುತ್ತಿದ್ದಾರೆ ಎಂದು ಅತ್ತಿಗೆ ಹೇಳಿದರು. ಕುಡಿ, ಹೊಟ್ಟೆ ತಣ್ಣಗಾಗುತ್ತದೆ. ಫೋನಿಲ್ಲದ್ದರಿಂದ ಕಾಗದ ಬರೆಯುತ್ತಿದ್ದೇನೆ. ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ ಎನ್ನುವುದೇ ನನಗೊಂದು ಸುಖ.

ಸುದ್ದಿ ಏನೆಂದರೆ, ನನ್ನ ಗ್ಯಾಲಕ್ಸಿ ಸಿಕ್ಕಿತು. ಸಿಂಹ ರಾಶಿಯ ಕಡೆ ಇರುವ ಆ ಸುರುಳಿ. ನಮ್ಮ ಆಕಾಶಗಂಗೆಗಿಂತ ದೊಡ್ಡದು, ಆದರೆ ಅದರ ಬೆಳಕು ಹಂಡೆ ನೀರಿಗೆ ಒಂದು ಚಮಚ ಹಾಲು ಬಿಟ್ಟಂತೆ ಹರಡಿಹೋಗಿದೆ. ಹತ್ತಿರ ಒಂದು ದೀಪ ಉರಿದರೂ ಮುಗಿಯಿತು, ಬರೀ ಬೂದುಬಣ್ಣ. ಅಂಥ ಒಂದು ಬೂದು ಫೋಟೋವನ್ನೇ ನೀನು ಗೃಹಪ್ರವೇಶದಲ್ಲಿ ಬೀಗರಿಗೆಲ್ಲ ತೋರಿಸಿ, "ನೋಡ್ರಪ್ಪಾ, ನಮ್ಮ ಸೈನ್ಸ್ ಮೇಡಮ್ಮು ಒಲೆ ಬೂದಿ ಫೋಟೋ ತೆಗ್ದವ್ಳೆ" ಎಂದು ನಗಿಸಿದ್ದು. ನಾನು ಊಟ ಮಾಡದೆ ಎದ್ದು ಬಂದೆ, ಅದೂ ನಿನಗೆ ಗೊತ್ತಾಗಲಿಲ್ಲ.

ಅದು ಹೋಗಲಿ. ಮಾಲೂರಿನಾಚೆಯ ಹೊಲದಲ್ಲಿ ನನ್ನ ಪಾಲಿನ ಹಕ್ಕನ್ನು ಬಿಡುಗಡೆ ಮಾಡಿಸಿಕೊಳ್ಳುವಾಗ ನೀನು ನಮ್ಮ ಕಡೆಯ ಪದ್ಧತಿಯಂತೆ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟೆ. ನಾನು ಸೀರೆ ಕೇಳಿರಲಿಲ್ಲ. ಅಮ್ಮ ಕೂರುತ್ತಿದ್ದ, ನಾನು ದೂರದರ್ಶಕ ಇಡುವ ಪಂಪ್‌ಹೌಸ್ ಇರಲಿ, ಅದರ ಸುತ್ತ ಕತ್ತಲೆ ಇರಲಿ ಎಂದಷ್ಟೇ ಕೇಳಿದೆ. "ಆಯ್ತು ಕಣಮ್ಮಿ, ಅಮ್ಮನ ಮೇಲಾಣೆ" ಎಂದೆ ನೀನು. ಸಹಿ ಬಿದ್ದ ಮರುತಿಂಗಳೇ ಹೊಲ ಲೇಔಟ್ ಆಯಿತು, ಪಂಪ್‌ಹೌಸ್ ತಲೆಯ ಮೇಲೆ ಮದುವೆಮನೆಯಂಥ ಫೋಕಸ್ ಲೈಟು ಬಂತು. ನಾನು ಕೇಳಿದರೆ, "ಕತ್ಲೆ ಬೇಕು ಅಂದ್ರೆ ಕಾಡಿಗೋಗು" ಎಂದೆ ನೀನು. ಸತ್ತ ತಾಯಿಯ ಮೇಲೆ ಆಣೆ ಇಟ್ಟು ಮುರಿದವನನ್ನು ನಾನು ಕ್ಷಮಿಸುವುದಿಲ್ಲ ಅಣ್ಣ. ಇದನ್ನು ಎದುರಿಗೆ ಹೇಳಬೇಕಿತ್ತು, ಕಾಗದದಲ್ಲಿ ಹೇಳುತ್ತಿದ್ದೇನೆ.

ಶಿವರಾತ್ರಿಯಂದು ನಿನ್ನ ಲೇಔಟ್ ಪೂರ್ತಿ ಕತ್ತಲು. ನಿನ್ನ ಮಗಳು ದಿವ್ಯಾಳೇ ಪಂಪ್‌ಹೌಸ್ ಮೇಲೆ ದೂರದರ್ಶಕದ ಕಾಲು ಹಿಡಿದು ನಿಲ್ಲಿಸಿಕೊಟ್ಟಳು. ತೆಗೆದ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದಾಗ ಸುರುಳಿಯ ಎರಡು ತೋಳು ನಿಧಾನವಾಗಿ ಮೂಡಿದವು. ದಿವ್ಯಾ ಬಾಯಿ ಬಿಟ್ಟು ನೋಡಿದಳು. ನನಗೆ ಅಳು ಬಂತು.

ಪಥ್ಯ ಬಿಡಬೇಡ. ಅಮ್ಮನ ಆಶೀರ್ವಾದ ನಿನಗೆ ಇನ್ನೂ ಇದೆಯೋ ಇಲ್ಲವೋ, ನೀನೇ ಕೇಳಿಕೋ.

ಇಂತಿ,
ಶೋಭಾರಾಣಿ

ಮರೆತಿದ್ದೆ: ಲೈಟು ಕೆಟ್ಟಿಲ್ಲ, ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳಿಸಬೇಡ. ಬಿಲ್ ಬರುವುದಿಲ್ಲ ಎಂಬ ಆಸೆಗೆ ಲೇಔಟಿನ ದೀಪಗಳನ್ನೆಲ್ಲ ಬೋರ್‌ವೆಲ್ ಪಂಪಿನ ಕರೆಂಟಿಗೆ ಜೋಡಿಸಿದ್ದೆಯಲ್ಲ, ಆ ಸಂಪರ್ಕವನ್ನು ಅಮ್ಮ ನನ್ನ ಹೆಸರಿಗೆ ಮಾಡಿಸಿದ್ದಳು. ನೀನು ಹೊಲ ಬರೆಸಿಕೊಂಡೆ, ಅದನ್ನು ಬರೆಸಿಕೊಳ್ಳಲು ಮರೆತೆ. ಆ ಸಂಪರ್ಕ ಬೇಡ ಎಂದು ನಾನು ಅರ್ಜಿ ಕೊಟ್ಟೆ, ಲೈನ್‌ಮನ್ ವೀರೇಶ ಬಂದು ತಂತಿ ಬಿಚ್ಚಿಕೊಂಡು ಹೋದ. ಯುಗಾದಿ ಸಂಜೆ ಸೈಟು ನೋಡಲು ಜನರನ್ನು ಕರೆದಿದ್ದೀಯಂತೆ. ಹೊಸ ಸಂಪರ್ಕ ಕೇಳಲು ಹೋಗು. ರೈತರ ಪುಕ್ಕಟೆ ಕರೆಂಟಿನಲ್ಲಿ ಲೇಔಟ್ ಬೆಳಗಿದವರು ಯಾರು ಎಂದು ಕರೆಂಟ್ ಆಫೀಸಿನವರು ನನ್ನನ್ನು ಕೇಳಿದರೆ, ನಿನ್ನ ಹೆಸರು ಹೇಳುತ್ತೇನೆ. ಅಮ್ಮನ ಮೇಲಾಣೆ.