ನಿನ್ನ ದನಿಯಿದ್ದ ಆಟಗಳು

ಭಾನುವಾರ, ಮಧ್ಯಾಹ್ನ

ಅಮ್ಮಾ,

ನಿನ್ನ ಕಾಗದ ತಲುಪಿತು. 'ಪ್ರೀತಿಯ' ಎಂದು ಶುರುಮಾಡಲು ಹೋದೆ, ಕೈ ಬರಲಿಲ್ಲ. ಅಮ್ಮಾ ಅಂತಷ್ಟೇ ಇರಲಿ. ನಿನ್ನ ನಂಬರಿನಿಂದ ಬರುವ ಕರೆಗಳು ನನ್ನ ಫೋನಿಗೆ ತಾಗದಂತೆ ಮಾಡಿಟ್ಟು ವರ್ಷಗಳಾದವು. ಅಪ್ಪನ ಈಗಿನ ನಂಬರು ನಿನಗೆ ಗೊತ್ತಿಲ್ಲ. ಹಾಗಾಗಿ ನೀನು ಕೂತು ಕಾಗದ ಬರೆಯಬೇಕಾಯಿತು. ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಬಲಕ್ಕೆ ವಾಲಿಕೊಂಡು, ಎಲ್ಲಿಗೋ ಹೊರಟು ನಿಂತ ಹಾಗೆ.

ಗಂಟಲಿನ ವಿಷಯ ಓದಿ ಕೆಡುಕೆನಿಸಿತು. ಅದು ಸುಳ್ಳಲ್ಲ. ಅಪ್ಪನಿಗೂ ಓದಿ ಹೇಳಿದೆ. ಆಪರೇಷನ್ ಆದ ಮೇಲೂ ಪಿಸುಮಾತಿಗಿಂತ ಹೆಚ್ಚು ದನಿ ಹೊರಡುತ್ತಿಲ್ಲ, ಇನ್ನು ಸ್ಟುಡಿಯೋದವರು ಕರೆಯುವುದಿಲ್ಲ ಎಂದು ಬರೆದಿದ್ದೀಯ. ಅದರ ಬೆನ್ನಿಗೇ, ಉಸಿರು ಕೂಡ ತೆಗೆದುಕೊಳ್ಳದೆ, 'ಮನೆಗೆ ಬಂದುಬಿಡಲಾ?' ಎಂದು ಕೇಳಿದ್ದೀಯ. ಉತ್ತರ ಕೊಡುವ ಮುಂಚೆ ನೀನು ದನಿ ಕೊಟ್ಟ ಆಟಗಳನ್ನು ಒಮ್ಮೆ ಆಡಿ ನೋಡಬೇಕಂತೆ. ಇಷ್ಟು ವರ್ಷ ನೀನು ಏನು ಮಾಡುತ್ತಿದ್ದೆ ಎಂದು ಆಗ ನನಗೆ ಅರ್ಥವಾಗುತ್ತದಂತೆ. ಮೊದಲ ನೋಟಕ್ಕೆ ಏನನ್ನಿಸಿತೋ ಅದನ್ನು ಮುಚ್ಚುಮರೆಯಿಲ್ಲದೆ ಬರಿ ಎಂದಿದ್ದೀಯ. ಬರೆಯುತ್ತಿದ್ದೇನೆ.

ನಾನು ವಿಡಿಯೊ ಗೇಮ್ ಆಡಿದವಳೇ ಅಲ್ಲ. ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ಅದು ನಿನಗೆ ಗೊತ್ತಿರಲಾರದು. ದಿನವಿಡೀ ಮೇಣದಲ್ಲಿ ಯಾರದೋ ದವಡೆ ಕೂರಿಸಿ, ಯಾರಿಗೋ ನಗು ಜೋಡಿಸಿ, ಸಂಜೆ ಮನೆಗೆ ಬಂದರೆ ಕಣ್ಣು ಬಿಡಲು ಆಗುವುದಿಲ್ಲ. ಹಾಗಾಗಿ ಮೊದಲು ಶುರುಮಾಡಿದ್ದು ಫೋನಿನ ಆಟ, ಊಟದ ಬಿಡುವಿನಲ್ಲಿ.

ಅದೇ, ಅಜ್ಜಿಯ ಅಂಗಡಿ. ಬಣ್ಣಬಣ್ಣದ ಡಬ್ಬಿಗಳನ್ನು ಸಾಲಾಗಿ ಜೋಡಿಸಿದರೆ ಗಿರಾಕಿಗಳು ಬರುತ್ತಾರೆ, ಅಜ್ಜಿ ಶಭಾಷ್ ಅನ್ನುತ್ತಾಳೆ. ಮಕ್ಕಳಾಟ ಅಂದುಕೊಂಡೆ, ಆದರೆ ಬಿಡಲು ಮನಸ್ಸು ಬಾರದು. ನೀನು ಅಜ್ಜಿಯಾಗಿ ಮಾತಾಡಿದ್ದು ಕೇಳಿ ನಗು ಬಂತು. ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದ ಕಾಲದಲ್ಲೇ ಮನೆಗೆ ಬಂದು ಮುದುಕಿಯರ ಅಣಕ ಮಾಡಿ ಅಪ್ಪನನ್ನೂ ನನ್ನನ್ನೂ ನಗಿಸುತ್ತಿದ್ದೆಯಲ್ಲ, ಅದೇ ದನಿ. ಎರಡು ದಿನ ಆಡಿದೆ. ಆಮೇಲೆ ಕೆಲಸ ಹೆಚ್ಚಿತ್ತು, ಮರೆತೆ. ಮಾರನೆಯ ದಿನ ಮೇಣ ಕಾಯಿಸುತ್ತಿದ್ದಾಗ ಮೇಜಿನ ಮೇಲಿದ್ದ ಫೋನು ಮಾತಾಡಿತು. 'ಇವತ್ತು ಬರಲ್ವಾ ಮಗಾ? ಬಾಗಿಲು ತೆಗೆದಿಟ್ಟು ನಿನಗೋಸ್ಕರ ಕಾಯ್ತಾ ಕೂತಿದೀನಿ.'

ಇಡೀ ಲ್ಯಾಬಿಗೆ ಕೇಳಿಸಿತು. ಕೈಯಲ್ಲಿದ್ದ ಮೇಣ ಬೆರಳ ಮೇಲೆ ಬಿತ್ತು. ಆ ದಿನ ಸಂಜೆಯೊಳಗೆ ಇನ್ನೂ ಎಷ್ಟು ಸಲ ಕರೆದೆಯೋ. 'ನನ್ನ ಮರೆತುಬಿಟ್ಯಾ?' ಅಂದೆ. 'ನೀನಿಲ್ಲದೆ ಅಂಗಡಿ ಬಿಕೋ ಅಂತಿದೆ' ಅಂದೆ. ಒಂದು ದಿನ ಬಾರದ ಗಿರಾಕಿಗೆ ಅಷ್ಟು ಹಂಬಲಿಸಲು ನಿನಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಬೇಸಿಗೆಯ ಕೆಲಸ, ಶಾಲೆ ಶುರುವಾಗುವಷ್ಟರಲ್ಲಿ ಬಂದುಬಿಡ್ತೀನಿ ಎಂದು ಹೊರಟವಳು ನೀನು. ಆಟವನ್ನು ಫೋನಿನಿಂದ ಅಳಿಸಿಹಾಕಿದೆ.

ಎರಡನೆಯದನ್ನು ಮನೆಯ ಕಂಪ್ಯೂಟರಿನಲ್ಲಿ ಆಡಿದೆ. ಯುದ್ಧದ ಆಟ, ನೀನು ಅದರಲ್ಲಿ ದಳಪತಿ. ಕಂಪ್ಯೂಟರು ಹಳೆಯದು, ಆಟ ಹಾಕುತ್ತಲೇ ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿತು. ಯಾವ ಕೀಲಿ ಒತ್ತಿದರೆ ಏನಾಗುತ್ತದೆಂದು ತಿಳಿಯುವಷ್ಟರಲ್ಲಿ ನನ್ನ ಅರ್ಧ ಸೈನ್ಯ ಕೆರೆಗೆ ಇಳಿದು ಮುಳುಗಿಹೋಗಿತ್ತು. ನೀನು ಮೇಲಿನಿಂದ ಅಪ್ಪಣೆ ಕೊಡುತ್ತಿದ್ದೆ: 'ಬಿದ್ದವರ ಕಡೆ ತಿರುಗಿ ನೋಡಬೇಡ. ಮುಂದೆ ನಡಿ.' ಈ ಮಾತಿಗೆ ನಿನಗೆ ಅಭ್ಯಾಸ ಬೇಕಾಗಿರಲಿಲ್ಲ ಅಂದುಕೊಂಡೆ.

ಅಷ್ಟರಲ್ಲಿ ಅಪ್ಪ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ತೊಳೆಯುತ್ತಿದ್ದ ಪಾತ್ರೆ, ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಾನು ದನಿ ಕಡಿಮೆ ಮಾಡಲು ಹೋದೆ.

'ಇರಲಿ ಬಿಡು' ಅಂದರು.

ನಿನ್ನ ದಳಪತಿ ಮತ್ತೆ ಗುಡುಗಿದಳು. ಅಪ್ಪ ತಲೆ ವಾಲಿಸಿ ಕೇಳಿದರು, ರಿಪೇರಿಗೆ ಹೋದಲ್ಲಿ ಲಿಫ್ಟಿನ ಮೋಟಾರಿಗೆ ಕಿವಿಗೊಟ್ಟು ಎಲ್ಲಿ ಕೆಟ್ಟಿದೆ ಎಂದು ಪತ್ತೆ ಹಚ್ಚುತ್ತಾರಲ್ಲ, ಹಾಗೆ. 'ಇದನ್ನ ಹೇಳಿದ ದಿನ ಅವಳಿಗೆ ಮೈ ಹುಷಾರಿರಲಿಲ್ಲ' ಅಂದರು. 'ಮಾತಿನ ಕೊನೇಲಿ ಉಸಿರು ಸಾಲ್ತಿಲ್ಲ ನೋಡು. ಜ್ವರ ಬಂದ್ರೆ ಅವಳಿಗೆ ಹಂಗೇ ಆಗೋದು.'

ನನಗೆ ಸಿಟ್ಟು ಬಂತು, ನಿನ್ನ ಮೇಲಲ್ಲ, ಅವರ ಮೇಲೆ. ಎಷ್ಟೋ ವರ್ಷಗಳ ಹಿಂದೆ, ಯಾವುದೋ ಊರಿನ ಗಾಜಿನ ಕೋಣೆಯಲ್ಲಿ ನಿನಗೆ ಬಂದ ಜ್ವರಕ್ಕೆ ಇವರು ಇಲ್ಲಿ ಪಾತ್ರೆ ಹಿಡಿದು ಮರುಗುತ್ತಿದ್ದಾರೆ. ನನಗೆ ಟೈಫಾಯ್ಡ್ ಆದಾಗ ಹಗಲು ಕೆಲಸಕ್ಕೆ ಹೋಗಿ, ಬಂದು ಅನ್ನ ಬೇಯಿಸಿ, ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದವರು ಅವರೇ. ಆಗ ನೀನು ಫೋನು ಮಾಡಿದ್ದೆ. ರೆಕಾರ್ಡಿಂಗ್ ಇದೆ, ಜೋರಾಗಿ ಮಾತಾಡುವ ಹಾಗಿಲ್ಲ, ಗಂಟಲು ಕಾಪಾಡಿಕೊಳ್ಳಬೇಕು ಎಂದು ಬೇಗ ಇಟ್ಟೆ. ನಿನಗೆ ನೆನಪಿರಲಾರದು.

ಮೂರನೆಯದು ಟಿವಿಗೆ ಜೋಡಿಸಿ ಆಡುವಂಥದ್ದು. ಅದು ನಮ್ಮಲ್ಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಬಾಚಿಯಕ್ಕನ ಮನೆಯಲ್ಲಿದೆ. ಅವಳ ಮುಂದಿನ ಹಲ್ಲು ಸ್ವಲ್ಪ ಮುಂದಕ್ಕೆ. ಹಲ್ಲು ಮಾಡುವ ಜಾಗದಲ್ಲಿ ಇಂಥ ಹೆಸರು ಬೀಳದೆ ಇರುತ್ತದೆಯೇ? ಲ್ಯಾಬಿನ ಯಜಮಾನರು ಪುಕ್ಕಟೆ ಸರಿಮಾಡಿಸಿ ಕೊಡ್ತೀನಿ ಅಂದರೂ ಒಪ್ಪಿಲ್ಲ. 'ಇದನ್ನ ನೋಡೇ ನನ್ನ ಗಂಡ ಬಿದ್ದಿದ್ದು' ಅನ್ನುತ್ತಾಳೆ. ಮಕ್ಕಳಿಗೆಂದು ತಂದ ಯಂತ್ರವನ್ನು ಈಗ ಅವಳೇ ಮಕ್ಕಳಿಗೆ ಬಿಡುವುದಿಲ್ಲ.

ಕಾರಿನ ರೇಸು. ಕೈಗೆ ಕೊಟ್ಟ ರಿಮೋಟಿನಂಥದ್ದರಲ್ಲಿ ಎಷ್ಟು ಗುಂಡಿಗಳೋ, ನನ್ನ ಬೆರಳುಗಳು ಸಾಲಲಿಲ್ಲ. ಕಾರನ್ನು ಬೇಲಿಗೆ ಗುದ್ದಿದೆ, ಹಳ್ಳಕ್ಕೆ ಬೀಳಿಸಿದೆ, ಒಮ್ಮೆ ಹಿಂದಕ್ಕೇ ಓಡಿಸಿದೆ. ಬಾಚಿಯಕ್ಕ ಸೋಫಾದ ಮೇಲೆ ಉರುಳಾಡಿ ನಕ್ಕಳು. ನಾನೂ ನಕ್ಕೆ, ಒಪ್ಪಿಕೊಳ್ಳುತ್ತೇನೆ. ನೀನು ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವವಳು. 'ಎಡಕ್ಕೆ, ಎಡಕ್ಕೆ ಅಂದ್ನಲ್ಲ ಕತ್ತೆ. ಪೆಟ್ಟಾಯ್ತಾ? ಇಲ್ವಲ್ಲ? ಸರಿ, ಮತ್ತೆ ಹೊರಡು, ನಾನಿದೀನಿ.' ಪ್ರತಿ ಸಲ ಬಿದ್ದಾಗಲೂ ಅದೇ, 'ನಾನಿದೀನಿ.'

'ಯಾರೇ ಈ ಹೆಂಗಸು, ಬೈಯೋದು ಕೂಡ ಎಷ್ಟು ಮುದ್ದಾಗಿ ಬೈತಾಳೆ' ಅಂದಳು ಬಾಚಿಯಕ್ಕ. 'ಇವಳ ಮಕ್ಕಳು ಪುಣ್ಯ ಮಾಡಿದ್ರು ಬಿಡು.'

ಯಾರೋ ಗೊತ್ತಿಲ್ಲಕ್ಕ ಅಂದೆ. ರಿಮೋಟು ಅವಳ ಕೈಗೆ ಕೊಟ್ಟು, ಮನೆಯಲ್ಲಿ ಕೆಲಸ ಇದೆ ಎಂದು ಎದ್ದು ಬಂದೆ. ದಾರಿಯುದ್ದಕ್ಕೂ, ಹಾಗೇಕೆ ಹೇಳಿದೆ ಎಂದು ಯೋಚಿಸಿದೆ. ನೀನು ನನ್ನ ತಾಯಿ ಎಂದಿದ್ದರೆ ಅವಳು ನಂಬುತ್ತಿದ್ದಳು, ಸಂತೋಷಪಡುತ್ತಿದ್ದಳು. ಆಮೇಲೆ, ನಿಮ್ಮ ಮನೆಗೆ ಬಂದರೆ ನೋಡಬಹುದಾ ಎಂದು ಕೇಳುತ್ತಿದ್ದಳು.

ಕೊನೆಯದನ್ನು ನೀನು ಕಾಗದದಲ್ಲಿ ಅಡಿಗೆರೆ ಎಳೆದು ಬರೆದಿದ್ದೆ: 'ಇದೊಂದನ್ನು ಮಾತ್ರ ಬಿಡಬೇಡ.' ಅದಕ್ಕೆ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಬೇಕು. ಮಾಲಿನ ಮೇಲಂತಸ್ತಿನಲ್ಲಿ ಅಂಥ ಆಟಗಳಿಗೆಂದೇ ಒಂದು ಹಾಲ್ ಇದೆ. ಕಳೆದ ಶನಿವಾರ ಕೆಲಸ ಮುಗಿಸಿ ಒಬ್ಬಳೇ ಹೋದೆ. ಅಲ್ಲಿನ ಹೆಂಗಸು ನನ್ನ ಕನ್ನಡಕ ತೆಗೆಸಿ, ಆ ಭಾರದ ಪೆಟ್ಟಿಗೆಯನ್ನು ತಲೆಗೆ ಬಿಗಿದು, ಕೈಗೆರಡು ಹಿಡಿಗಳನ್ನು ಕೊಟ್ಟು, ತಲೆ ಸುತ್ತಿದರೆ ಹೇಳಿ ಅಂದಳು.

ತಲೆ ಸುತ್ತಲಿಲ್ಲ. ನಾನು ಚಿಕ್ಕವಳಾಗಿಬಿಟ್ಟೆ. ಮೇಜು ನನ್ನ ಗಲ್ಲದ ಮಟ್ಟಕ್ಕಿತ್ತು. ಬಾಗಿಲ ಚಿಲಕ ಕೈಗೆ ಎಟುಕುತ್ತಿರಲಿಲ್ಲ. ನನ್ನ ಕೈ ನೋಡಿಕೊಂಡರೆ ಮಗುವಿನ ಕೈ. ಹೊರಗೆ ನೆರೆ ಏರುತ್ತಿದೆ, ಮನೆಯಲ್ಲಿ ತಾಯಿ ಮಗಳು ಇಬ್ಬರೇ, ಅಟ್ಟ ಹತ್ತಬೇಕು. ತಾಯಿ ನನ್ನ ಕಡೆ ಬಾಗಿದಳು. ಮುಖ ನಿನ್ನದಲ್ಲ, ದನಿ ನಿನ್ನದು. ಆ ದನಿ ನನ್ನ ಕಿವಿಯ ಪಕ್ಕದಲ್ಲೇ ಹೇಳಿತು: 'ಹೆದರಬೇಡ ಮುಕ್ಕಾಲು. ನಾನು ಎಲ್ಲೂ ಹೋಗಲ್ಲ.'

ಮುಕ್ಕಾಲು.

ಅಮ್ಮಾ, ಅದು ಯಾರೋ ಬರೆದುಕೊಟ್ಟ ಮಾತಲ್ಲ. ದಿನ ತುಂಬುವ ಮುಂಚೆ ಹುಟ್ಟಿದೆ ಎಂದು ನನ್ನನ್ನು ಹಾಗೆ ಕರೆಯುತ್ತಿದ್ದಿರಿ, ಈ ಮನೆಯೊಳಗೆ, ನಮ್ಮ ಮೂವರಿಗಷ್ಟೇ ಗೊತ್ತಿದ್ದ ಹಾಗೆ. ಶಾಲೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ನಾನು ಬಚ್ಚಿಟ್ಟುಕೊಂಡಿದ್ದ ಹೆಸರು. ನೀನು ಹೋದ ಮೇಲೆ ಅಪ್ಪ ಒಮ್ಮೆ ಕರೆದಾಗ ನಾನು ಅತ್ತುಬಿಟ್ಟಿದ್ದಕ್ಕೆ ಅವರೂ ಮತ್ತೆ ಆ ಹೆಸರೆತ್ತಲಿಲ್ಲ. ಅದನ್ನು ನೀನು ಒಯ್ದು ಮೈಕಿನ ಮುಂದೆ ಇಟ್ಟಿದ್ದೀಯ.

ನೆರೆ ಏರುತ್ತಾ ಹೋಯಿತು. ತಾಯಿ ಮಗುವನ್ನು ಅಟ್ಟಕ್ಕೆ ಹತ್ತಿಸಿ, ತಾನು ಕೆಳಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನೀರು ಅವಳ ಎದೆಮಟ್ಟ ಬಂದರೂ 'ಮುಕ್ಕಾಲು, ಅಲ್ಲೇ ಇರು, ನನ್ನ ನೋಡ್ತಾ ಇರು' ಅನ್ನುತ್ತಲೇ ಇದ್ದಳು. ನಾನು ಹೆಡ್‌ಸೆಟ್ ಕಿತ್ತು ತೆಗೆದೆ. ಅಲ್ಲಿನ ಹೆಂಗಸು ಒಂದು ಟಿಶ್ಯೂ ಪೊಟ್ಟಣ ಚಾಚಿದಳು. 'ಆಟ ಇಲ್ಲಿಗೆ ಬಂದಾಗ ಎಲ್ಲರೂ ಅಳ್ತಾರೆ ಮೇಡಂ. ಅದಕ್ಕೇ ತಂದಿಟ್ಟಿರ್ತೀವಿ' ಅಂದಳು. ನಾನು ಅಳುತ್ತಿರಲಿಲ್ಲ. ನನ್ನ ಹಿಂದೆ ಇನ್ನೂ ಕೆಲವರು ಸಾಲಿನಲ್ಲಿ ನಿಂತಿದ್ದರು, ನನ್ನ ಹೆಸರಿನಿಂದ ಕರೆಸಿಕೊಳ್ಳಲು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ನಿನ್ನ ಮೇಲೆ ಅವರು ಒಮ್ಮೆಯಾದರೂ ಸಿಟ್ಟು ಮಾಡಿಕೊಳ್ಳಲಿ ಎಂದೇ ಹೇಳಿದೆ.

'ಮರೆತಿಲ್ಲ ನೋಡು ಅವಳು' ಅಂದರು.

'ಮಾರಿಕೊಂಡಿದಾಳೆ ಅಪ್ಪ' ಅಂದೆ.

'ಮನಸ್ಸಲ್ಲಿ ಇಲ್ದೇ ಇರೋದು ಬಾಯಿಗೆ ಬರುತ್ತಾ?' ಅಂದರು. ಆಮೇಲೆ, 'ಬರ್ತೀನಿ ಅಂತಿದಾಳಲ್ಲ, ಬರಲಿ ಬಿಡು. ಮಾತಾಡಕ್ಕಾಗದಿದ್ರೆ ಕೈಸನ್ನೆ ಮಾಡಲಿ. ನಾವಿಬ್ರೂ ಇರೋ ಮನೇಲಿ ಮಾತು ತಾನೇ ಎಷ್ಟಿದೆ?'

'ಮಾತು ಬರ್ತಿದ್ದಾಗ ಬರಲಿಲ್ಲ' ಅಂದೆ.

ಅವರು ಎದ್ದು ಹೋಗಿ ನಲ್ಲಿ ತಿರುಗಿಸಿದರು, ತೊಳೆಯಲು ಏನೂ ಇರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನೀನು ತುಂಬಾ ಚೆನ್ನಾಗಿ ಮಾಡಿದ್ದೀಯ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಹೊಗಳುತ್ತಲೂ ಇಲ್ಲ. ಇಷ್ಟು ವರ್ಷ ನಾನು ಬೇರೆಯೇ ಏನೋ ಅಂದುಕೊಂಡಿದ್ದೆ. ಕೆಲವರಿಗೆ ಮಕ್ಕಳ ಮೇಲೆ ಮಮತೆ ಹುಟ್ಟುವುದಿಲ್ಲ, ನಮ್ಮಮ್ಮ ಆ ಜಾತಿ, ಅವಳ ಹತ್ತಿರ ಇಲ್ಲದ್ದನ್ನು ಅವಳು ಎಲ್ಲಿಂದ ಕೊಡಬೇಕು ಎಂದು. ಹಾಗೆ ಅಂದುಕೊಂಡೇ ದೊಡ್ಡವಳಾದೆ, ಅದು ಅಭ್ಯಾಸವಾಗಿತ್ತು, ಅದರ ಜೊತೆ ಬದುಕಲು ಬರುತ್ತಿತ್ತು. ಈಗ ನೀನೇ ಕರೆದು ತೋರಿಸಿದೆ. ಎಲ್ಲ ಇತ್ತು ನಿನ್ನ ಹತ್ತಿರ, ಕಾಯುವುದು, ಬೈಯುವುದು, ನಾನಿದೀನಿ ಅನ್ನುವುದು, ನೀರಿಗೆ ಎದೆ ಕೊಟ್ಟು ನಿಲ್ಲುವುದು. ಒಂದಿಷ್ಟೂ ಕಡಿಮೆಯಿರಲಿಲ್ಲ. ಮುಖ ಕಾಣದವರಿಗೆ ಹಂಚಿದೆ, ಗಂಟಲು ಹರಿದುಹೋಗುವ ತನಕ ಹಂಚಿದೆ. ಮುಗಿದ ಮೇಲೆ ಮನೆ ನೆನಪಾಯಿತು.

ಬರಬೇಡ ಎಂದು ಬರೆಯಲು ನಾನು ಯಾರು? ಮನೆ ಅಪ್ಪನದು, ನಿನ್ನನ್ನು ಮದುವೆಯಾದವರು ಅವರು. ಬಾ ಎಂದು ಬರೆಯಲು ನನಗೆ ಬರುವುದಿಲ್ಲ. ಇದನ್ನು ನೀನು ಹೇಗೆ ಬೇಕಾದರೂ ಓದಿಕೋ. ಔಷಧಿ ತಪ್ಪಿಸಬೇಡ. ತಣ್ಣೀರು ಕುಡಿಯಬೇಡ. ವೈದ್ಯರು ಮಾತಾಡಬೇಡಿ ಅಂದಿದ್ದರೆ ಮಾತಾಡಬೇಡ.

ಇಂತಿ,
ನಿನ್ನ ಮಗಳು

ವಿ.ಸೂ: ಈ ತಿಂಗಳ ಕೊನೆಗೆ ನಾವು ಈ ಮನೆ ಬಿಡುತ್ತಿದ್ದೇವೆ. ಅಪ್ಪನಿಗೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗುತ್ತಿಲ್ಲ; ಊರಿನ ಇನ್ನೊಂದು ತುದಿಯಲ್ಲಿ ನೆಲಮಟ್ಟದ ಮನೆ ಸಿಕ್ಕಿದೆ. ಹೊಸ ವಿಳಾಸವನ್ನು ಅವರೇ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಇದರ ಜೊತೆ ಹಾಕು ಎಂದು ಕೊಟ್ಟರು. ಈಗಷ್ಟೇ ಬಂದು, 'ಹಾಕಿದ್ಯಾ?' ಎಂದು ಕೇಳಿದರು. ಹಾಕಿದೆ ಅಂದೆ. ಇನ್ನು ಲಕೋಟೆ ಅಂಟಿಸುತ್ತೇನೆ. ಚೀಟಿ ನನ್ನ ಬಳಿಯೇ ಇದೆ.