ಕತ್ತರಿ ಬೆರಳು

ಮಂಗಳವಾರ, ಹದಿನಾಲ್ಕು

ಕಿವಿ ಕೇಳದ ನನ್ನ ಮಗಳನ್ನು ಯಾವ ಶಾಲೆಗೆ ಹಾಕುವುದೆಂದು ನಾಳೆ ಹೇಳಬೇಕು. ಕೈಸನ್ನೆಯಲ್ಲಿ ಕಲಿಸುವ ಶಾಲೆಯನ್ನು ಹೋದ ವಾರವೇ ನೋಡಿದ್ದಾಯಿತು. ಇವತ್ತು ಮಾತು ಕಲಿಸುವ ಶಾಲೆ. ಟೀಚರಮ್ಮ ಇವಳನ್ನು ಕನ್ನಡಿ ಮುಂದೆ ಕೂರಿಸಿ, ಎರಡೂ ಕೈಗಳನ್ನು ಮೆಲ್ಲಗೆ ಮೇಜಿಗೆ ಒತ್ತಿ ಹಿಡಿದು, ತಮ್ಮ ತುಟಿ ತೋರಿಸಿದರು. ಎಷ್ಟೋ ಹೊತ್ತಿನ ಮೇಲೆ "ಅಮ್ಮ" ಎಂಬಂಥ ಸದ್ದೊಂದು ಬಂತು. ನಮ್ಮ ಯಜಮಾನರ ಕಣ್ಣು ತುಂಬಿತು. ಅತ್ತೆ ಫೋನಿನಲ್ಲೇ ಅತ್ತರು.

"ಇನ್ನೇನು ಯೋಚ್ನೆ? ಅಲ್ಲಿ ಬರೀ ಕೈ ಆಡಿಸ್ತಾರೆ. ಇಲ್ಲಿಗೇ ಸೇರಿಸೋಣ," ಅಂದರು ಇವರು.

ಹೂಂ ಅಂದೆ. ಹೂಂ ಅನ್ನುವುದು ನನಗೆ ಬಾಯಿಪಾಠ. ಏನೂ ಅನ್ನಿಸಲಿಲ್ಲ. ಸಂತೋಷ ಆಮೇಲೆ ಬರುತ್ತದೇನೋ ಅಂದುಕೊಂಡು, ಮನೆಗೆ ಬಂದು ಗಿರಾಕಿಯ ಅಂಗಿಗೆ ಗುಂಡಿ ಹಾಕುತ್ತ ಕೂತೆ.

ಹೊಲಿಗೆಯವಳ ಮಗಳಲ್ಲವೇ, ನನ್ನನ್ನು ಕರೆಯಬೇಕಾದರೆ ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ಮಲಗುವಾಗ ಹಾಗೇ ಬೆರಳೆತ್ತಿದವಳು ಅರ್ಧಕ್ಕೇ ನಿಲ್ಲಿಸಿ, ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ನಾನೇ ಕತ್ತರಿ ಆಡಿಸಿ ತೋರಿಸಿದೆ.

ನನ್ನ ಕೈ ನೋಡಲೇ ಇಲ್ಲ. ತುಟಿಯನ್ನೇ ನೋಡುತ್ತ ಕಾಯುತ್ತಿದ್ದಳು.