ಬಾಗಿಲ ಬಳಿಯ ಬಕೆಟ್ಟು

ಇಸೊಬೆ
12 ನವೆಂಬರ್ 1983

ಪ್ರಿಯ ಸೆನ್‌ಸುಕೆ,

ಚಳಿ ಶುರುವಾಯಿತು, ನಿನ್ನ ಮಂಡಿ ಹೇಗಿದೆ? ಬೇಸಿಗೆಯಲ್ಲಿ ಬಂದ ನಿನ್ನ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈಯಬೇಡ. ನಮ್ಮ ಸಾರ್ವಜನಿಕ ಸ್ನಾನಗೃಹದ ಬಾಯ್ಲರು ಕೆಟ್ಟಿತ್ತು, ಆಮೇಲೆ ನನ್ನ ಸೊಂಟ ಕೆಟ್ಟಿತು. ಬಾಯ್ಲರು ರಿಪೇರಿಯಾಯಿತು.

ಊರಿನ ಚಿತ್ರಮಂದಿರ ಮುಚ್ಚಿತು. ಕಡೆಯ ಆಟಕ್ಕೆ ಯಾರ ಸಿನಿಮಾ ಎಂದು ದೊಡ್ಡ ಜಗಳ. ಸ್ನಾನಕ್ಕೆ ಬಂದವರೇ ತೀರ್ಮಾನಿಸಲಿ ಎಂದು ನಾನು ಮೂರು ಮರದ ಬಕೆಟ್ಟು ಇಟ್ಟೆ: ತಕಾರಾಬೆಗೊಂದು, ಅಕುನೆಗೊಂದು, ನಿನಗೊಂದು. ಚಪ್ಪಲಿ ವಾಪಸು ಪಡೆಯುವಾಗ ಮರದ ಬಿಲ್ಲೆಯನ್ನು ನನ್ನ ಕೈಗೆ ಕೊಡುವ ಬದಲು ಮೆಚ್ಚಿನ ನಿರ್ದೇಶಕನ ಬಕೆಟ್ಟಿಗೆ ಹಾಕಬೇಕು.

ನೋವು ಮಾಡಿಕೊಳ್ಳಬೇಡ, ಮೂವರಲ್ಲಿ ನಿನ್ನ ಜನಪ್ರಿಯತೆಯೇ ಕಡಿಮೆ. ತಕಾರಾಬೆಯ ಕತ್ತಿವರಸೆ ನೋಡಿದ ಗಂಡಸರು ಒದ್ದೆ ಟವೆಲ್ಲು ಬೀಸಿ ನನ್ನ ಎರಡು ಕನ್ನಡಿ ಒಡೆದಿದ್ದಾರೆ. ಅಕುನೆಗೆ ಪರದೇಶದ ಬಹುಮಾನ ಬಂದಿದೆಯಲ್ಲ, ಅವನ ಸಿನಿಮಾದಲ್ಲಿ ಗೊರಕೆ ಹೊಡೆದವರೂ ಹೊಗಳುತ್ತಾರೆ. ನಿನ್ನದು ನೋಡಿ ಬಂದವರು ಕುತ್ತಿಗೆವರೆಗೆ ಬಿಸಿನೀರಲ್ಲಿ ಕೂತುಬಿಡುತ್ತಾರೆ, ಏಳುವುದೇ ಇಲ್ಲ. ಉರಿಯುವುದು ನನ್ನ ಸೌದೆ.

ಮೀನು ಮಾರುವ ಒಟೊಯೊ ಎಲ್ಲರೆದುರೇ ಕೇಳಿದಳು: "ಅಲ್ಲ ಯಜಮಾನ್ರೇ, ನಿಮ್ಮ ಸ್ನೇಹಿತ್ರ ಸಿನಿಮಾದಲ್ಲಿ ಆ ಹೆಂಗಸು ಮೂಲಂಗಿ ತುರೀತಾನೇ ಇರ್ತಾಳಲ್ಲ, ನಂಗೆ ನಿದ್ದೆ ಬಂದ್ಬಿಡ್ತು. ಕೊನೆಗೆ ಊಟಕ್ಕೆ ಯಾರಾದ್ರೂ ಬಂದ್ರಾ?"

"ಬರಲ್ವಂತೆ. ಅದೇ ಕಥೆ."

"ಅಯ್ಯೋ! ಮೊದ್ಲೇ ಹೇಳಿದ್ರೆ ನಾನೇ ಎರಡು ಮೀನು ಹಿಡ್ಕೊಂಡು ಹೋಗ್ತಿದ್ದೆ!"

ಆದರೂ ಗೆದ್ದವನು ನೀನೇ. ಆ ಇಬ್ಬರ ಬಕೆಟ್ಟುಗಳನ್ನು ಹಿತ್ತಲಲ್ಲಿ ಸೌದೆ ರಾಶಿಯ ಆಚೆ ಇಟ್ಟಿದ್ದೆ, ನಿನ್ನದು ಬಾಗಿಲಲ್ಲೇ. ಬಿಸಿನೀರಿನಿಂದ ಎದ್ದವರು ಚಳಿಗಾಳಿಗೆ ಯಾಕೆ ಹೋಗುತ್ತಾರೆ? ಇದಕ್ಕೆ ಇಂಗ್ಲಿಷಿನಲ್ಲಿ 'ಫೇರ್ ಪ್ಲೇ' ಎನ್ನುತ್ತಾರೆಂದು ಕಾಲೇಜಿನಲ್ಲಿ ಮೇಷ್ಟ್ರು ಹೇಳಿದ ನೆನಪು. ಆ ಕ್ಲಾಸಿನಲ್ಲಿ ನೀನಾದರೂ ಎಚ್ಚರವಾಗಿದ್ದೆಯಾ?

ಕಾರಣವಿತ್ತು ಮಾರಾಯ. ನಮ್ಮೂರಲ್ಲೇ ತೆಗೆದ ಆ ಮೂಲಂಗಿ ಸಿನಿಮಾದಲ್ಲಿ ನನ್ನ ಕಿನುಯೆ ಬೋಗುಣಿ ಹಿಡಿದು ಸೇತುವೆ ದಾಟಿದಳಲ್ಲ, ಅದನ್ನು ನಾನು ನೋಡಿರಲೇ ಇಲ್ಲ. ಸ್ನಾನಗೃಹದ ಗೋಡೆಗೆ ಪೋಸ್ಟರ್ ಹಚ್ಚಿದ್ದಕ್ಕೆ ಸಿಗುವ ಪುಕ್ಕಟೆ ಟಿಕೆಟ್ ಒಂದೇ. ಸಂಜೆ ಬಾಯ್ಲರು ಬಿಟ್ಟು ನಾನು ಕದಲುವಂತೆಯೂ ಇರಲಿಲ್ಲ. ಅವಳು ನೋಡಿಬಂದು, "ರೀ, ಎಷ್ಟು ಚೆನ್ನಾಗಿ ಕಾಣ್ತೀನಿ ಗೊತ್ತಾ? ಒಂದ್ಸಲ ತಿರುಗಿ ನೋಡ್ತೀನಿ, ನಿಮ್ಮನ್ನೇ ನೋಡಿದ ಹಾಗಿದೆ" ಅಂದಿದ್ದಳು. ಈಗ ನನ್ನ ಬಳಿ ಇರುವುದು ಅಲುಗಾಡದ ಫೋಟೋಗಳು ಮಾತ್ರ.

ಆಟ ಚೆನ್ನಾಗಿ ನಡೆಯಿತು. ಒಟೊಯೊ ಈ ಸಲ ನಿದ್ದೆ ಮಾಡದೆ ಅತ್ತಳು, ಶೀತ ಎಂದು ವಾದಿಸುತ್ತಾಳೆ. ನಿನ್ನ ಮಂಡಿ ಬೇಗ ವಾಸಿಯಾಗಲಿ. ಇನ್ನೂ ಹತ್ತು ಸಿನಿಮಾ ತೆಗಿ. ಯಾರೂ ನೋಡದಿದ್ದರೂ ತೆಗಿ.

ನಿನ್ನ
ಟೊಕುಜಿರೊ

ತಾ.ಕ.: ಸೇತುವೆ ಬಂತು. ಒಂದು ನಾಯಿ ದಾಟಿಹೋಯಿತು. ಕಿನುಯೆ ಬರಲಿಲ್ಲ. ನೀನು ಕತ್ತರಿಸಿದ್ದು ಅವಳಿಗೆ ಗೊತ್ತಿತ್ತು. ನನಗೆ ಬೇಜಾರಾಗಬಾರದೆಂದು ಹಾಗೆ ಹೇಳಿ, ಸಾಯುವತನಕ ಆ ಮಾತನ್ನೇ ಉಳಿಸಿಕೊಂಡಳು. ನಿನ್ನ ಮೇಲೆ ಕೋಪವಿಲ್ಲ. ಆ ತುಂಡು ಎಲ್ಲಾದರೂ ಬಿದ್ದಿದ್ದರೆ ಹುಡುಕು. ಅವಳು ನಿಜವಾಗಿ ತಿರುಗಿ ನೋಡಿದ್ದಳೇ, ಅಷ್ಟು ಹೇಳು ಸಾಕು.